‘ಓಡಿದ್ದು ನಾವು, ಹೆಸರು ಅವರಿಗೆ’

1999ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ ಕ್ಯಾಲಿಫೋರ್ನಿಯಾದ ಸಾಲ್ಕ್ ಇನ್‌ಸ್ಟಿಟ್ಯೂಟಿನ ಚಕ್ರಗಳಲ್ಲಿ ಓಡಿ, ವ್ಯಾಯಾಮಕ್ಕೂ ಮಿದುಳಿಗೂ ನಂಟಿದೆಯೆಂದು ತೋರಿಸಿಕೊಟ್ಟ ಇಲಿಗಳಲ್ಲೊಂದು ಈಗ ಸ್ವರ್ಗವಾಸಿ. ಗಣಪತಿಯ ವಾಹನದವರ ಶಿಫಾರಸಿನ ಮೇಲೆ ಮಾತಿಗೆ ಒಪ್ಪಿತು.

ಪ್ರಶ್ನೆ: ಆ ಪ್ರಯೋಗದಲ್ಲಿ ನಿಮ್ಮ ಪಾತ್ರ?

ಇಲಿ: ಪಾತ್ರವೇನು ಬಂತು, ನಾಟಕವೇ ನಮ್ಮದು! ವಿಜ್ಞಾನಿಗಳಾದ ಹೆನ್ರಿಯೆಟ್ ವಾನ್ ಪ್ರಾಗ್, ಫ್ರೆಡ್ ಗೇಜ್ ಅವರೆಲ್ಲ ಪಂಜರದಲ್ಲಿ ಚಕ್ರ ಇಟ್ಟರು. ಓಡಿ ಎಂದು ಯಾರೂ ಹೇಳಲಿಲ್ಲ, ನಾವೇ ಓಡಿದೆವು. ನೆನಪಿಗೆ ಬೇಕಾದ ಹಿಪೊಕ್ಯಾಂಪಸ್ ಎಂಬ ಭಾಗ ಇದೆಯಲ್ಲ, ಅಲ್ಲಿ ಹೊಸದಾಗಿ ಹುಟ್ಟಿ ಬದುಕುಳಿದ ಕೋಶಗಳು ಸುಮ್ಮನೆ ಕೂತ ಇಲಿಗಳದಕ್ಕಿಂತ ಸುಮಾರು ಎರಡು ಪಟ್ಟಾದವು.

ಪ್ರಶ್ನೆ: ಮಿಕ್ಕ ಇಲಿಗಳು?

ಇಲಿ: ಪಾಪ, ಕೆಲವನ್ನು ನೀರಿನ ತೊಟ್ಟಿಗೆ ಬಿಟ್ಟು ದಾರಿ ಕಲಿಸಿದರು. ಆ ಪಾಠದಿಂದ ಕೋಶಗಳೇನೂ ಹೆಚ್ಚಲಿಲ್ಲ. ಪಿ.ಟಿ. ಪೀರಿಯಡ್ ಕಿತ್ತುಕೊಂಡು ಲೆಕ್ಕ ಮಾಡಿಸುವ ನಿಮ್ಮ ಮೇಷ್ಟ್ರುಗಳಿಗೆ ಇದನ್ನು ಹೇಳಬೇಡಿ, ಬೇಜಾರು ಮಾಡಿಕೊಂಡಾರು.

ಪ್ರಶ್ನೆ: ಕೋಶಗಳನ್ನು ಎಣಿಸಿದ್ದು ಹೇಗೆ?

ಇಲಿ: (ಮೀಸೆ ತಗ್ಗಿಸಿ) ಮಿದುಳು ಹೊರತೆಗೆದು, ತೆಳ್ಳಗೆ ಹೋಳು ಮಾಡಿ. ಸ್ವರ್ಗಕ್ಕೆ ಬಂದದ್ದು ಹಾಗೆ.

ಪ್ರಶ್ನೆ: ಕ್ಷಮಿಸಿ. ಇಲಿಗೆ ಆದದ್ದೆಲ್ಲ ಮನುಷ್ಯರಿಗೂ ಆಗಬೇಕೆಂದಿಲ್ಲವಲ್ಲ?

ಇಲಿ: ದೊಡ್ಡವರಾದ ಮೇಲೂ ನಿಮ್ಮ ಮಿದುಳಲ್ಲಿ ಹೊಸ ನರಕೋಶ ಹುಟ್ಟುತ್ತದೋ ಇಲ್ಲವೋ ಎಂದು ವಿಜ್ಞಾನಿಗಳೇ ಇನ್ನೂ ಜಗಳವಾಡುತ್ತಿದ್ದಾರೆ, ನಡುವೆ ನಾನೇಕೆ ಬಾಯಿ ಹಾಕಲಿ? ಆದರೆ 2011ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನ ನೋಡಿ. 120 ಹಿರಿಯರು, ಎರಡು ಗುಂಪು. ವಾರಕ್ಕೆ ಮೂರು ದಿನ, 40 ನಿಮಿಷ ನಡೆಯುವವರೆಗೆ ಪಳಗಿದವರ ಹಿಪೊಕ್ಯಾಂಪಸ್ ಒಂದು ವರ್ಷದಲ್ಲಿ ಶೇ. 2ರಷ್ಟು ಹಿಗ್ಗಿತು. ಕೈಕಾಲು ಚಾಚುವ ಲಘು ವ್ಯಾಯಾಮದ ಗುಂಪಿನವರದು ಕುಗ್ಗಿತು. ಹಿಗ್ಗಿದವರ ರಕ್ತದಲ್ಲಿ ಬಿಡಿಎನ್‌ಎಫ್ ಎಂಬ ಪ್ರೋಟೀನೂ ಹೆಚ್ಚಿತ್ತು. ನರಕೋಶಗಳಿಗೆ ಅದು ಗೊಬ್ಬರ. ಅವರನ್ನು ಅಳೆದದ್ದು ಮಾತ್ರ ಎಂಆರ್‌ಐ ಸ್ಕ್ಯಾನಿನಲ್ಲಿ. ಒಬ್ಬರನ್ನೂ ಹೋಳು ಮಾಡಲಿಲ್ಲ. ತಾರತಮ್ಯ ನೋಡಿದಿರಾ!

ಪ್ರಶ್ನೆ: ನಮ್ಮ ಬೆಂಗಳೂರಲ್ಲೂ ನೆನಪಿನ ಶಕ್ತಿಯ ಬಗ್ಗೆ ಜಾಗೃತಿ ಬಂದಿದೆ.

ಇಲಿ: ಮೇಲಿಂದ ಕಾಣುತ್ತದೆ. ಬ್ರಾಹ್ಮಿ ಸಿರಪ್ ತರಲು ಬೀದಿ ಕೊನೆಯ ಮೆಡಿಕಲ್ ಶಾಪಿಗೆ ಸ್ಕೂಟರಲ್ಲಿ ಹೋಗುತ್ತೀರಿ.

ಪ್ರಶ್ನೆ: ಪಂಜರದಲ್ಲಿ ಬೇರೆ ಕೆಲಸವಿಲ್ಲದೆ ನೀವು ಓಡಿದಿರಿ ಎನ್ನುವವರಿದ್ದಾರೆ.

ಇಲಿ: ಅಂಥವರಿಗೆಂದೇ ನೆದರ್ಲೆಂಡ್ಸ್‌ನಲ್ಲಿ ಬಯಲಲ್ಲಿ ಚಕ್ರ ಇಟ್ಟು ನೋಡಿ, 2014ರಲ್ಲಿ ವರದಿ ಮಾಡಿದರು. ಕಾಡಿನ ಇಲಿಗಳು ತಾವಾಗಿ ಬಂದು ಓಡಿದವು. ಕಪ್ಪೆ ಹತ್ತಿತು. ಬಸವನಹುಳುವೂ ಹತ್ತಿತು ಸ್ವಾಮಿ, ಜಿಮ್ಮಿಗೆ ವರ್ಷದ ಫೀಸು ಕಟ್ಟದೆ!

ಪ್ರಶ್ನೆ: ಕೊನೆಗೆ ಒಂದು ಫೋಟೊ?

ಇಲಿ: ಧಾರಾಳವಾಗಿ. ತಲೆ ಬಿಟ್ಟು ತೆಗೆಯಿರಿ, ಅದಿನ್ನೂ ಪ್ರಯೋಗಾಲಯದವರ ಹತ್ತಿರವೇ ಇದೆ. ಕಾಲು ಚೆನ್ನಾಗಿ ಬರಲಿ.