ಪೊಟ್ಟಣದ ಪಂಡಿತರು

ಕಿಗ್ಗದ ಋಷ್ಯಶೃಂಗೇಶ್ವರನ ಸನ್ನಿಧಿಗೆ ಮಳೆ ಬರಲೆಂದು ಹರಸಿಕೊಂಡು ಬರುವವರಲ್ಲಿ ಒಕ್ಕಲಿನವರಿಂದ ಮೊದಲ್ಗೊಂಡು ಮಂತ್ರಿಗಳವರೆಗೆ ಎಲ್ಲರೂ ಉಂಟು. ಅತಿವೃಷ್ಟಿಯಾದ ವರ್ಷ ಸಾಕುಮಾಡೆಂದು ಬೇಡುವವರೂ ಉಂಟು. ಆದರೆ ಕೇವಲ ತಲೆಗೂದಲಿನ ನಿಮಿತ್ತವಾಗಿ ಮಳೆ ನಿಲ್ಲಲೆಂದು ಆ ಸ್ವಾಮಿಯಲ್ಲಿ ಮೊರೆಯಿಟ್ಟವರು, ನಾನರಿತಮಟ್ಟಿಗೆ, ನಮ್ಮ ಮೇಷ್ಟರೊಬ್ಬರೇ. ಕೂದಲಿಗೂ ಈ ಕ್ಷೇತ್ರಕ್ಕೂ ಪುರಾಣಕಾಲದ ನಂಟೊಂದು ಇದೆಯೆಂದು ಬೇಕಾದವರು ವಾದಿಸಬಹುದು. ಮಳೆಗಾಗಿ ಋಷ್ಯಶೃಂಗನನ್ನು ಕರೆಸಿಕೊಂಡ ಅಂಗರಾಜನ ಹೆಸರೇ ರೋಮಪಾದನಷ್ಟೆ.

ಮೇಷ್ಟರು ನಿವೃತ್ತರಾದ ಮೇಲೆ ಪಾಠ ಹೇಳುವ ಚಪಲವನ್ನು ತೀರಿಸಿಕೊಳ್ಳಲು ಆರಿಸಿಕೊಂಡ ವಿದ್ಯಾಲಯವೆಂದರೆ ರಸ್ತೆಯ ಅಂಗಡಿ. ಅಲ್ಲಿ ಒಂದೊಂದು ರೂಪಾಯಿಯ ಶಾಂಪೂ ಪೊಟ್ಟಣಗಳು ಮಾವಿನ ತೋರಣದಂತೆ ಜೋಲಾಡುತ್ತಿರುತ್ತವೆ. ಕಾಫಿಪುಡಿಗೆಂದು ಹೋದ ಮಹನೀಯರು ಜೇಬಿನಿಂದ ಭೂತಗನ್ನಡಿಯನ್ನು ತೆಗೆದು, ಯಾವಳೋ ಹುಡುಗಿ ಕೊಂಡ ಪೊಟ್ಟಣವನ್ನು ಅವಳ ಕೈಯಿಂದಲೇ ಇಸಿದುಕೊಂಡು, ಇರುವೆಯ ಗಾತ್ರದ ಅಕ್ಷರಗಳನ್ನು ತಾಮ್ರಶಾಸನವೋ ಎಂಬಂತೆ ಓದತೊಡಗುವರು. “ಸೋಡಿಯಂ ಲಾರಿಲ್ ಸಲ್ಫೇಟ್! ಪಾತ್ರೆ ತೊಳೆಯುವ ನೊರೆಯ ದಾಯಾದಿ. ಮೀಥೈಲ್ ಪ್ಯಾರಬೆನ್! ಹಳಸದಿರಲೆಂದು ಹಾಕಿದ್ದು. ಡಿಎಂಡಿಎಂ ಹೈಡಾಂಟೋಯಿನ್! ಇದು ತುಸುತುಸುವಾಗಿ ಫಾರ್ಮಾಲ್ಡಿಹೈಡನ್ನು ಬಿಡುತ್ತದೆ ಮಗಳೆ; ಕಾಲೇಜಿನ ಭರಣಿಯಲ್ಲಿ ಕಪ್ಪೆಯನ್ನು ಯಾವುದರಲ್ಲಿ ಮುಳುಗಿಸಿಡುತ್ತಾರೆ, ಬಲ್ಲೆಯಾ?” ಹುಡುಗಿ ಕಪ್ಪೆಯ ಪಕ್ಷವನ್ನೂ ವಹಿಸದೆ, ಪೊಟ್ಟಣವನ್ನೂ ಬಿಡದೆ, ಬಸ್ಸು ಬಂತೆಂದು ಓಡುವಳು.

ಅವರ ಮಾತು ಸುಳ್ಳೆಂದು ನಾನು ಹೇಳಲಾರೆ. ನೊರೆಯ ದ್ರವ್ಯವು ಕೊಳೆಯೊಡನೆ ತಲೆಯ ಸಹಜವಾದ ಜಿಡ್ಡನ್ನೂ ಕೊಂಡೊಯ್ದು ಕೆಲವರ ಚರ್ಮವನ್ನು ಕೆರಳಿಸುವುದು ನಿಜ. ಫಾರ್ಮಾಲ್ಡಿಹೈಡಿನ ವಿಷಯದಲ್ಲಂತೂ ವೈದ್ಯರಿಗೂ ಸಂದೇಹವಿಲ್ಲ. ಆದರೆ ಇದಕ್ಕೆ ಪ್ರತಿಯಾಗಿ ಅವರು ಸೀಗೆಕಾಯಿಯನ್ನು ಅಮೃತವೆಂದು ಸ್ತುತಿಸುವಾಗ ಮಾತ್ರ ನನಗೆ ನಗು ಬರುತ್ತಿತ್ತು. ಅದರ ನೊರೆಯೂ ಸಪೋನಿನ್ ಎಂಬ ರಾಸಾಯನಿಕದ್ದೇ. ದೀಪಾವಳಿಯ ನಸುಕಿನಲ್ಲಿ ಹಂಡೆಯ ಬಳಿ ಕುಳ್ಳಿರಿಸಿ ಅಜ್ಜಿ ಸೀಗೆಪುಡಿ ತಿಕ್ಕಿದಾಗ ನಾವಿಟ್ಟ ಅರಚಾಟ ನರಸಿಂಹಪರ್ವತದಲ್ಲಿ ಪ್ರತಿಧ್ವನಿಸದೆ ಉಳಿದಿದ್ದರೆ ಅದು ಪರ್ವತದ ದೋಷ.

ಅರುವತ್ತೆಂಟರ ಪ್ರಾಯದಲ್ಲಿಯೂ ಮೇಷ್ಟರ ಕೇಶರಾಶಿ ಕಾಡಿಗೆಯನ್ನು ನಾಚಿಸುವಂತಿತ್ತು. ಕೇಳಿದವರಿಗೆಲ್ಲ “ಗರುಗದ ಎಣ್ಣೆ” ಎಂಬ ಎರಡೇ ಮಾತಿನ ಉತ್ತರ. ನಂಬಿ ಗದ್ದೆಯಂಚಿನ ಗರುಗವನ್ನೆಲ್ಲ ಕಿತ್ತು ಎಣ್ಣೆ ಕಾಸಿದವರು ನಾಲ್ಕಾರು ಮಂದಿ, ನಾನೂ ಒಬ್ಬ.

ಕೊಪ್ಪದಲ್ಲಿ ಮರುದಿನ ಅವರ ತಂಗಿಯ ಮೊಮ್ಮಗನ ಮದುವೆ. ಮೇಷ್ಟರು ಮಧ್ಯಾಹ್ನ ಬಚ್ಚಲುಮನೆಯ ಅಗುಳಿ ಹಾಕಿಕೊಂಡರು. ಬೇಯಿಸಿದ ಅಡಿಕೆ ಅಂಗಳದ ತುಂಬ ಹರಡಿತ್ತು. ಅಕಾಲದಲ್ಲಿ ಮೋಡ ಕವಿದು, ಋಷ್ಯಶೃಂಗನಿಗೆ ಯಾರು ಯಾವಾಗ ಹರಸಿಕೊಂಡಿದ್ದರೋ, ಮಳೆ ಒಮ್ಮೆಗೇ ಹೊಯ್ಯಲಾರಂಭಿಸಿತು. “ಅಡಿಕೆ ನೆನೀತು, ಬನ್ನಿ!” ಎಂಬ ಹೆಂಡತಿಯ ಕೂಗಿಗೆ ತೋಟಿಗನಾದವನು ತಲೆಯನ್ನು ಮರೆತಾದರೂ ಓಡಿಬರಬೇಕು, ಅವರೂ ಹಾಗೆಯೇ ಬಂದರು. ಅಕ್ಕಪಕ್ಕದವರು, ಆಳುಗಳು, ನಾನು, ಎಲ್ಲರೂ ಬುಟ್ಟಿ ಹಿಡಿದು ನಿಂತ ನಡುವೆ ಅವರ ಹಣೆಯಿಂದ, ಕಿವಿಯಿಂದ, ಬಿಳಿಯ ಬನಿಯನ್ನಿನ ಮೇಲೆ ಕರಿಯ ಝರಿಗಳು ಸಿರಿಮನೆಯ ಜಲಪಾತದಂತೆ ಇಳಿಯತೊಡಗಿದವು. ಅಡಿಕೆ ಬಳಿಯುತ್ತಿದ್ದ ಮುದುಕಿಯೊಬ್ಬಳು ನಿಶ್ಶಬ್ದವನ್ನು ಮುರಿದಳು: “ಮೇಷ್ಟ್ರೇ, ನಿಮ್ಮ ಗರುಗದ ಎಣ್ಣೆ ಇಳೀತಾ ಉಂಟಲ್ಲ!”

ಮೇಷ್ಟರು ಎದೆಗುಂದಲಿಲ್ಲ. “ಇದು ಶುದ್ಧ ಮದರಂಗಿ, ಹರ್ಬಲ್” ಎಂದರು. “ಮದರಂಗಿ ಒಂದೇ ಹಚ್ಚಿದರೆ ಕೆಂಪಲ್ವಾ ಅಪ್ಪಯ್ಯ, ಕಪ್ಪು ಎಲ್ಲಿಂದ ಬಂತು?” ಎಂದು ಸೊಸೆ ಮೆಲ್ಲನೆ ಕೇಳಿದ ಪ್ರಶ್ನೆಗೆ ಮಾತ್ರ ಗುಡುಗೇ ಉತ್ತರ ಹೇಳಿತು.

ಆ ಕಪ್ಪು ಬಂದದ್ದು ಪ್ಯಾರಾಫಿನೈಲೀನ್‌ಡೈಅಮೀನ್ ಎಂಬ ದ್ರವ್ಯದಿಂದ. ಅಮೆರಿಕೆಯಲ್ಲಿ 1933ರಲ್ಲಿ ಇದೇ ದ್ರವ್ಯವಿದ್ದ ರೆಪ್ಪೆಯ ಬಣ್ಣದಿಂದ ಹೆಂಗಸೊಬ್ಬಳ ಕಣ್ಣುಗಳೇ ಹೋದವು. 1938ರಲ್ಲಿ ಅಲ್ಲಿ ಹೊಸ ಕಾಯಿದೆಯೂ ಬಂದಿತು. ಆದರೆ ತಲೆಯ ಬಣ್ಣಕ್ಕೆ ಎಚ್ಚರಿಕೆಯ ಚೀಟಿಯೊಂದನ್ನು ಅಂಟಿಸಿದರೆ ಸಾಕೆಂದು ಆ ಕಾಯಿದೆಯೇ ಬಾಗಿಲು ತೆರೆದಿಟ್ಟಿತು. ನಮ್ಮ ದೇಶದ 1945ರ ಔಷಧ ಮತ್ತು ಪ್ರಸಾಧನಗಳ ನಿಯಮಗಳೂ ಅಂಥದೇ ಎಚ್ಚರಿಕೆಯನ್ನು ದೇಶಭಾಷೆಯಲ್ಲಿಯೂ ಅಚ್ಚುಹಾಕಬೇಕೆಂದು ವಿಧಿಸಿದವು: ಕಿವಿಯ ಹಿಂದೆ ತುಸು ಹಚ್ಚಿ 24 ಗಂಟೆ ಕಾದು ನೋಡಬೇಕು, ಪ್ರತಿಸಲವೂ ನೋಡಬೇಕು. ಹತ್ತು ವರ್ಷ ಸುಮ್ಮನಿದ್ದ ಚರ್ಮ ಹನ್ನೊಂದನೆಯ ವರ್ಷ ಮುನಿಯುವುದು ಈ ದ್ರವ್ಯದ ಸ್ವಭಾವ. ಊರಿನ ಪೊಟ್ಟಣಗಳನ್ನೆಲ್ಲ ಓದಿ ಮುಗಿಸಿದ್ದ ಮೇಷ್ಟರು ಮೇಜಿನ ಖಾನೆಯಲ್ಲಿ ಅಡಗಿಸಿಟ್ಟ ಈ ಒಂದನ್ನು ಮಾತ್ರ ಓದಿರಲಿಲ್ಲ. “ಹರ್ಬಲ್” ಎಂಬ ಹಸುರು ಅಕ್ಷರಗಳು ಕನ್ನಡಕವಿಲ್ಲದೆಯೇ ಕಾಣುವಷ್ಟು ದೊಡ್ಡವಾಗಿದ್ದವು.

ಮದುವೆಯ ಬೆಳಗಿಗೆ ಅವರ ಮುಖ ಕಡುಬಿನಂತೆ ಉಬ್ಬಿತ್ತು, ಕಣ್ಣು ತೆರೆಯುವಂತಿರಲಿಲ್ಲ. ಮೊಮ್ಮಗನೊಬ್ಬನ ಹೊರತು ಮನೆಯವರೆಲ್ಲ ಕೊಪ್ಪಕ್ಕೆ ಹೊರಟರು. ನಾವು ಅವರನ್ನು ಶೃಂಗೇರಿಯ ವೈದ್ಯರಲ್ಲಿಗೆ ಕರೆದೊಯ್ದೆವು. ಜೀಪಿನಲ್ಲಿ ಅವರು ಭೂತಗನ್ನಡಿಯನ್ನು ಮೊಮ್ಮಗನ ಕೈಗಿತ್ತು, ಪೊಟ್ಟಣದ ಬೆನ್ನಿನ ಬರಹವನ್ನು ಓದೆಂದರು. ಹುಡುಗ “ಪ್ಯಾರ... ಪ್ಯಾರಾಫಿನ್...” ಎಂದು ತಡವರಿಸಿದ.

“ಫಿನ್ ಅಲ್ಲವೋ, ಫಿ-ನೈ-ಲೀನ್,” ಎಂದರು ಮೇಷ್ಟರು, ಮುಚ್ಚಿದ ಕಣ್ಣಿನಲ್ಲಿಯೇ. “ಬಿಡಿಸಿ ಓದು. ಇನ್ನೊಮ್ಮೆ.”