ಸೀಸನ್ ಕಾಕಾ

ಯಾದಗಿರಿಗೊಬ್ಬ, ಶಹಾಪುರಕ್ಕೊಬ್ಬ, ಸುರಪುರಕ್ಕೊಬ್ಬ ಸೀಸನ್ ಕಾಕಾ ಇದ್ದೇ ಇರುತ್ತಾನೆ. ನೌಕರಿ ಮುಗಿದಿದೆ, ಹೊಲ ಪಾಲಿಗೆ ಹೋಗಿದೆ, ಮಗ ಬೆಂಗಳೂರಲ್ಲಿ. ಮುಂಜಾನೆ ಸುಸಲಾ-ಮಿರ್ಚಿಗೆ ಹೋಟೆಲಿಗೆ ಬಂದರೆ, ರಾತ್ರಿ ಎಷ್ಟು ಎಪಿಸೋಡು ಮುಗಿದವು ಎಂದು ಅವನ ಕಣ್ಣು ನೋಡಿಯೇ ಸಪ್ಲೈಯರ್ ಹುಡುಗ ಹೇಳಬಲ್ಲ. ಶಹಾಪುರದ ಗುಡ್ಡದ ಬುದ್ಧ ಮಲಗಿದ ಹಾಗೆಯೇ ಕಾಕಾನೂ ಮಲಗುವುದು. ಕಣ್ಣು ಮಾತ್ರ ಮುಚ್ಚುವುದಿಲ್ಲ.

‘ಚಲೋ ಸೀರೀಸ್ ಅದ, ನೋಡ್ರಿ’ ಎನ್ನುತ್ತ ಎದುರಿನವನ ತಟ್ಟೆಯಿಂದ ಮಿರ್ಚಿ ಮುರಿಯುತ್ತಾನೆ. ನೋಡಿದೆ ಕಾಕಾ, ರುಚಿ ಹತ್ತಲಿಲ್ಲ ಅಂದಿರೋ, ಕೆಟ್ಟಿರಿ.

‘ಎಷ್ಟು ಎಪಿಸೋಡ್ ನೋಡೀರಿ?’

‘ಎರಡು.’

‘ಎರಡಕ್ಕೇನ್ ತಿಳೀತದ್ರಿ? ಐದನೇದರ ತನಕ ತಡ್ಕೋರಿ. ಐದರಾಗ ಹಿಡೀತದ, ಆಮ್ಯಾಲ ಬಿಡಂಗಿಲ್ಲ.’

ಹೆಣ್ಣು ನೋಡಲು ಹೋದಾಗ ಇವನಿಗೆ ಇಷ್ಟು ತಾಳ್ಮೆ ಇರಲಿಲ್ಲವಂತೆ. ಚಹಾ ಬರುವ ಮೊದಲೇ ಒಪ್ಪಿಗೆ ಹೇಳಿದ್ದನಂತೆ. ಇದು ಕಾಕಿಯ ಹೇಳಿಕೆ.

ಕಾಕಿಯದು ಬೇರೆ ಪಂಥ. 1998ರಲ್ಲೇ ಈ ಮನೆ ಎರಡಾಯಿತು. ಆ ವರ್ಷ ಟಿ.ಎನ್. ಸೀತಾರಾಂ ಅವರ ‘ಮಾಯಾಮೃಗ’ ಬಂತು, ಕಾಕಾ ಅದರ ಹಿಂದೆ ಹೋದ. ಅದೇ ವರ್ಷ ‘ಸಿಐಡಿ’ಯೂ ಶುರುವಾಯಿತು, ಕಾಕಿ ಅಲ್ಲೇ ನಿಂತಳು. ಹೆಣ ಬೀಳಬೇಕು, ದಯಾ ಬಾಗಿಲು ಒಡೆಯಬೇಕು, ಕೊಂದವನು ಕಪಾಳಕ್ಕೆ ತಿಂದು ಒಪ್ಪಿಕೊಳ್ಳಬೇಕು, ಆಕೆ ಹಾಲಿಗೆ ಹೆಪ್ಪು ಹಾಕಿ ಮಲಗಬೇಕು. ಇಬ್ಬರೂ ಕೂಡಿ ಕೂತು ನೋಡಿದ್ದು ‘ಪಂಚಾಯತ್’ ಒಂದನ್ನೇ. 2020ರ ಮೊದಲ ಸೀಸನ್ನಿನಲ್ಲಿ ದೆವ್ವದ ಮರದ್ದೊಂದು ಕಥೆ, ಚಕ್ರದ ಕುರ್ಚಿಯದ್ದೊಂದು ಕಥೆ. ಕಾಕಿ ಬಿದ್ದು ಬಿದ್ದು ನಕ್ಕಳು. ಮುಂದಿನ ಸೀಸನ್ನುಗಳಲ್ಲಿ ಒಂದರ ಬಾಲ ಇನ್ನೊಂದರ ಬಾಯಿಗೆ ಬಿದ್ದು ಕಥೆ ಚುನಾವಣೆಯತ್ತ ಹೊರಟಿತು. ಕಾಕಿ ಎದ್ದಳು: ‘ಇಷ್ಟು ರಾಜಕಾರಣ ನಮ್ಮ ಕಟ್ಟಿ ಮ್ಯಾಲೇ ನಡೀತದ, ನೆಟ್ ಯಾಕ ಸುಡಬೇಕು?’

ನನ್ನ ಓಟು ಕಾಕಿಗೇ. ಕಾಕಾನ ಎದುರು ಹೇಳಿಲ್ಲ, ಅಷ್ಟೇ.

ಆದರೂ ಕಾಕಾ ಬರಿಗೈಯಲ್ಲಿ ವಾದಕ್ಕೆ ಬರುವವನಲ್ಲ. ನೆಟ್‌ಫ್ಲಿಕ್ಸ್‌ನವರು 2013ರಲ್ಲಿ ‘ಹೌಸ್ ಆಫ್ ಕಾರ್ಡ್ಸ್’ನ 13 ಎಪಿಸೋಡುಗಳನ್ನು ಒಂದೇ ಸಲಕ್ಕೆ ಸುರಿದರು. ಅದಕ್ಕೆ ಎಷ್ಟೋ ಮೊದಲಿನಿಂದ ನಮ್ಮ ಮಠಗಳಲ್ಲಿ ಶ್ರಾವಣದ ಪುರಾಣ ನಡೆಯುತ್ತ ಬಂದಿದೆ. ಶರಣರು ಸಂಕಟಕ್ಕೆ ಸಿಕ್ಕರು ಎನ್ನುವಲ್ಲಿಗೆ ಸರಿಯಾಗಿ ಶಾಸ್ತ್ರಿಗಳು ಗ್ರಂಥ ಮಡಚುತ್ತಾರೆ, ತಬಲಾದವನು ಒಂದು ಪೆಟ್ಟು ಹಾಕುತ್ತಾನೆ, ಉಳಿದದ್ದು ನಾಳೆ. ಕಾಕಾ ಸಣ್ಣವನಿದ್ದಾಗಿನಿಂದ ಆ ನಾಳೆಗಾಗಿ ನಿದ್ದೆಗೆಟ್ಟವನು. ‘ಇದೇನು ಅಮೇರಿಕಾದವರು ಕಲಿಸಿದ್ದಲ್ರಿ’ ಎನ್ನುತ್ತಾನೆ. ಕಾಕಿ ಒಳಗಿನಿಂದಲೇ ಉತ್ತರಿಸುತ್ತಾಳೆ: ‘ಪುರಾಣಕ್ಕ ಮಂಗಲ ಅದ, ಮಂಗಲದ ದಿನ ಹುಗ್ಗಿ ಅದ. ನಿಮ್ಮ ಸೀರೀಸ್ನವ್ರು ಗುಂಡು ಹಾರಿಸಿ ಎರಡು ವರ್ಷ ಓಡಿ ಹೋಗ್ತಾರ.’

2023ರ ಜುಲೈನಲ್ಲಿ, ಒಂದು ಮನೆಯ ಪಾಸ್‌ವರ್ಡು ಇನ್ನೊಂದು ಮನೆಯಲ್ಲಿ ನಡೆಯದು ಎಂದು ನೆಟ್‌ಫ್ಲಿಕ್ಸ್ ಸಾರಿತು. ಕಾಕಾ ಯಾದಗಿರಿಯಲ್ಲಿ ಬೆಂಗಳೂರಿನ ಉದ್ಯಾನ ಎಕ್ಸ್‌ಪ್ರೆಸ್ ಹತ್ತಿದ. ಮೊಮ್ಮಗಳ ನೆನಪು ಬಹಳ ಆಗಿದೆ ಎಂದ. ಮೂರು ಸೀಸನ್ ಮುಗಿಯುವಷ್ಟರಲ್ಲಿ ನೆನಪು ತೀರಿತು.

ಈಗ ಅವನ ತಲೆಯೊಳಗೇ ಒಂದು ಸೀರೀಸು ಓಡುತ್ತಿದೆ, ಸುರಪುರ ಸಂಸ್ಥಾನದ್ದು. ಮೊದಲ ಸೀಸನ್ನಿನಲ್ಲಿ 1841ಕ್ಕೆ ಬ್ರಿಟಿಷ್ ಅಧಿಕಾರಿ ಮೆಡೋಸ್ ಟೇಲರ್ ಬರುತ್ತಾನೆ. ಎಳೆಯ ರಾಜಾ ವೆಂಕಟಪ್ಪ ನಾಯಕ ಅವನನ್ನು ‘ಅಪ್ಪಾ’ ಎನ್ನುತ್ತಾನೆ. ಗುಡ್ಡದ ಮೇಲೆ ಟೇಲರ್ ಮಂಜಿಲ್ ಏಳುತ್ತದೆ. ಎರಡನೆಯದರಲ್ಲಿ 1858: ಬಂಡಾಯ, ಸೆರೆ, ಕರೆದೊಯ್ಯುವ ದಾರಿಯಲ್ಲಿ ಒಂದು ಗುಂಡು. ರಾಜ ಸತ್ತ. ತಾನೇ ಹಾರಿಸಿಕೊಂಡನೋ, ಬೇರೆಯವರ ಕೈಯೋ?

‘ಅಲ್ಲಿಗೆ ಕಟ್!’ ಕಾಕಾ ಟೇಬಲ್ಲಿಗೆ ಗುದ್ದಿದ, ಚಹಾ ಚೆಲ್ಲಿತು.

‘ಮುಂದ?’

‘ಮೂರನೇ ಸೀಸನ್.’

‘ರಾಜಾನೇ ಇಲ್ಲಲ್ಲ ಕಾಕಾ?’

‘ಫ್ಲ್ಯಾಶ್‌ಬ್ಯಾಕ್!’

ಇಂಥವನ ಪಕ್ಕ ಯಾದಗಿರಿಯಿಂದ ಸುರಪುರಕ್ಕೆ ಹೋಗುವ ಬಸ್ಸಿನಲ್ಲಿ ಕೂತವರ ಪಾಡು ಹೇಳತೀರದು. ಮೊನ್ನೆ ಆ ಯೋಗ ನನ್ನದಾಗಿತ್ತು. ಬಸ್ಸು ಬಿಟ್ಟಾಗ ಒಬ್ಬ ಸಾಹುಕಾರ ಕೊಲೆಯಾಗಿದ್ದ. ದಾರಿಯುದ್ದಕ್ಕೂ ಅವನ ಮನೆಯ ಒಬ್ಬೊಬ್ಬರ ಮೇಲೂ ಅನುಮಾನ ಬಂದು ಹೋಯಿತು. ಹೆಸರು ಕಾಕಾನ ತುಟಿಗೆ ಬರುವುದಕ್ಕೂ ಕಂಡಕ್ಟರ್ ‘ಶಹಾಪುರ, ಇಳೀರಿ’ ಅನ್ನುವುದಕ್ಕೂ ಸರಿಹೋಯಿತು. ನಾನು ಇಳಿಯಬೇಕಾದದ್ದು ಅಲ್ಲೇ. ಕಾಕಾ ಕಿಟಕಿಯಿಂದ ಮೊಬೈಲು ಎತ್ತಿ ತೋರಿಸಿದ.

ರಾತ್ರಿ ಊಟಕ್ಕೆ ಕೂತಾಗ ವಾಟ್ಸಾಪಿಗೆ ಅವನ ದನಿ ಬಂತು. ‘ತಮ್ಮಾ, ಹೆಸರು ಹೇಳ್ತೀನಿ. ಅದಕ್ಕಿಂತ ಮೊದಲ ಹಿಂದಿನ ಕಥಿ ಒಮ್ಮೆ ನೆನಪು ಮಾಡ್ಕೋ.’ ರೊಟ್ಟಿ ಆರಿತು, ಪಲ್ಯ ಆರಿತು. ಕೊನೆಗೆ ಕೆಮ್ಮಿ ಗಂಟಲು ಸರಿಮಾಡಿಕೊಂಡ: ‘ಹಾಂ, ಕೊಲಿ ಮಾಡಿದಾತ...’ ಮೆಸೇಜು ಅಲ್ಲಿಗೆ ಮುಗಿದಿತ್ತು.

ಅದರ ಕೆಳಗೆ ಅದೇ ನಂಬರಿನಿಂದ ಇನ್ನೊಂದು ಬಂತು, ಕಾಕಿಯ ದನಿ: ‘ಅಳಿಯ ಕೊಂದಾನ ತಮ್ಮಾ. ಉಂಡು ಮಕ್ಕೋ.’