ಮಿಸ್ತ್ರಿ ಹಾದ್ಯಾಗ ಅದಾನ!

ಶಹಾಪುರದ ಸುತ್ತ ಯಾವ ಹೊಲದ ಬದುವಿನ ಮೇಲಾದರೂ ನಿಂತು "ಇಂಜಿನ್ ಚಾಲೂ ಆಗವಲ್ದು" ಅಂತ ಒಮ್ಮೆ ಜೋರಾಗಿ ಕೂಗಿ ನೋಡಿ. ಕಣ್ಣು ಮುಚ್ಚಿ ತೆರೆಯುವುದರೊಳಗೆ ತಜ್ಞರ ಸಭೆ ಕೂಡುತ್ತದೆ. ಒಬ್ಬ "ನಾಜಲ್ ಹೋಗ್ಯಾದ" ಅಂತಾನೆ, ಇನ್ನೊಬ್ಬ "ರಿಂಗ್ ಸವದಾವ" ಅಂತಾನೆ. ಮೂರನೆಯವ ಏನೂ ಅನ್ನದೆ ಟ್ಯಾಂಕಿನ ಮುಚ್ಚಳ ತೆಗೆದು ಇಣುಕಿ, ತಲೆ ಅಲ್ಲಾಡಿಸಿ, ಮತ್ತೆ ಮುಚ್ಚುತ್ತಾನೆ. ಪಾನಾ ಹಿಡಿಯುವವ ಮಾತ್ರ ಒಬ್ಬನೂ ಇಲ್ಲ. ಕಡೆಗೆ ಮಿಸ್ತ್ರಿಗೆ ಫೋನ್.

"ಹಾದ್ಯಾಗ ಅದೀನ್ರಿ ಸಾಹುಕಾರ್ರ, ಬಂದೇ ಬಿಟ್ಟೆ!"

ಆ ಕಡೆಯಿಂದ ಮಿರ್ಚಿ ಕರಿಯುವ ಸಪ್ಪಳ ಸ್ಪಷ್ಟವಾಗಿ ಕೇಳಿಸುತ್ತಿರುತ್ತದೆ.

ಅವನ ತಪ್ಪೇನಿಲ್ಲ ಬಿಡಿ. ಎಲ್ಲರ ಇಂಜಿನ್ನೂ ಒಂದೇ ದಿನ ಕೆಡುತ್ತದೆ. ಬಸವಸಾಗರದಿಂದ ಎಡದಂಡೆ ಕಾಲುವೆಗೆ ನೀರು ಬಿಟ್ಟು, ವಾರಬಂದಿಯ ಪಾಳಿ ಸಾಲಾಗಿ ಇಳಿದು, ಕಾಲುವೆಯ ಕೊನೆಯ ಹೊಲದವನ ಹಳ್ಳದಲ್ಲಿ ಎರಡು ಮೊಳ ನೀರು ನಿಲ್ಲುವುದೇ ಅಪರೂಪ. ಆ ದಿನವೇ ಇಂಜಿನ್ ಮುನಿಸಿಕೊಳ್ಳುತ್ತದೆ. ಮುನಿಸಿಕೊಳ್ಳದೆ ಏನು ಮಾಡೀತು? ಹಂಗಾಮು ಮುಗಿದ ದಿನ ಗೋಣಿಚೀಲ ಹೊದಿಸಿ ಬಂದವರು, ಮತ್ತೆ ಅದರ ಮುಖ ನೋಡಿದ್ದು ಇವತ್ತೇ.

ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ 1869ರಲ್ಲಿ ಹುಟ್ಟಿದ ಲಕ್ಷ್ಮಣರಾವ್ ಕಿರ್ಲೋಸ್ಕರರು ಸೈಕಲ್ ಅಂಗಡಿಯಿಂದ ಆರಂಭಿಸಿ ಕಬ್ಬಿಣದ ನೇಗಿಲು ಮಾಡಿದಾಗ, ಅದನ್ನು ಹೂಡಿದರೆ ಮಣ್ಣಿಗೆ ವಿಷ ಏರುತ್ತದೆಂದು ರೈತರು ಹೆದರಿದ್ದರಂತೆ. ಆ ಮನೆತನದ ಆಯಿಲ್ ಇಂಜಿನ್ ಕಂಪನಿ 1946ರಲ್ಲಿ ಪುಣೆಯಲ್ಲಿ ಶುರುವಾಯಿತು, ಇಂಜಿನ್ ನಮ್ಮ ಹೊಲಕ್ಕೂ ಬಂತು. ಹಳೆಯ ಹೆದರಿಕೆ ಮಾತ್ರ ಹೋಗಲಿಲ್ಲ, ಜಾಗ ಬದಲಿಸಿತು ಅಷ್ಟೇ. ಈಗ ನಮ್ಮ ಸಾಹುಕಾರ ನಟ್ಟು ಮುಟ್ಟಿದರೆ ಇಂಜಿನ್‌ಗೇ ವಿಷ ಏರುತ್ತದೆ!

ಅಸಲಿಗೆ ಅದರ ಕಾಯಿಲೆಗಳಲ್ಲಿ ಬಹುಪಾಲು ಗಾಳಿ ಮತ್ತು ಕಸ. ಡೀಸೆಲ್ ತೀರಿ ನಿಂತ ಇಂಜಿನ್‌ಗೆ ಮತ್ತೆ ಡೀಸೆಲ್ ಸುರಿದ ಮಾತ್ರಕ್ಕೆ ಜೀವ ಬರುವುದಿಲ್ಲ. ಇದಕ್ಕೆ ಪ್ಲಗ್ ಇಲ್ಲ, ಕಿಡಿ ಇಲ್ಲ. ಗಾಳಿಯನ್ನು ಒತ್ತಿ ಕಾಯಿಸಿ, ಆ ಕಾವಿನಲ್ಲಿ ಡೀಸೆಲ್ ಸಿಡಿಸಿ ಹೊತ್ತಿಸುವ ಯಂತ್ರ ಇದು. ಪೈಪಿನಲ್ಲಿ ಗುಳ್ಳೆ ಕೂತಿದ್ದರೆ ಪಂಪಿನ ಶಕ್ತಿಯೆಲ್ಲ ಗುಳ್ಳೆಯನ್ನು ಹಿಂಡುವುದಕ್ಕೇ ಹೋಗುತ್ತದೆ, ನಾಜಲ್ ಬಾಯಿ ಬಿಡುವುದಿಲ್ಲ. ಫಿಲ್ಟರ್ ಮೇಲಿನ ಸಣ್ಣ ಸ್ಕ್ರೂ ಸಡಿಲಿಸಿ. ಮೊದಲು ನೊರೆ ನೊರೆ ಬರುತ್ತದೆ, ಆಮೇಲೆ ಗುಳ್ಳೆಯಿಲ್ಲದ ಡೀಸೆಲ್ ಇಳಿಯುತ್ತದೆ. ಆಗ ಬಿಗಿಮಾಡಿ. ಮಿಸ್ತ್ರಿಯೂ ಇದನ್ನೇ ಮಾಡುತ್ತಾನೆ. ಆದರೆ ಅದಕ್ಕೂ ಮುಂಚೆ ಸ್ಕ್ರೂ ಡ್ರೈವರಿನ ತುದಿ ಇಂಜಿನ್‌ಗೆ, ಹಿಡಿಕೆ ಕಿವಿಗೆ ಹಚ್ಚಿ, ಡಾಕ್ಟರರಂತೆ ಕಣ್ಣು ಮುಚ್ಚುತ್ತಾನೆ. ನಿಂತ ಇಂಜಿನ್‌ನಲ್ಲಿ ಅವನಿಗೇನು ಕೇಳಿಸುತ್ತದೋ ಬಸವಣ್ಣನೇ ಬಲ್ಲ. ಅರ್ಧ ಪಗಾರ ಆ ಕಣ್ಣು ಮುಚ್ಚಿದ್ದಕ್ಕೇ.

ಹ್ಯಾಂಡಲ್ ಹೊಡೆಯುವವರಿಗೊಂದು ಮಾತು: ಹೆಬ್ಬೆರಳು ಉಳಿದ ಬೆರಳುಗಳ ಕಡೆಗೇ ಇರಲಿ, ಹಿಡಿಕೆಯನ್ನು ಸುತ್ತುವುದು ಬೇಡ. ಇಂಜಿನ್ ತಿರುಗಿ ಒದ್ದರೆ ಹೆಬ್ಬೆರಳು ಮುರಿದೀತು.

ಇಂಜಿನ್ ಗುಡುಗುತ್ತದೆ, ನೀರು ಮಾತ್ರ ಬರುವುದಿಲ್ಲ ಅನ್ನಿ. ಫುಟ್‌ವಾಲ್ ತೆಗೆದು ನೋಡಿ, ಅದರ ಬಾಯಲ್ಲಿ ಒಂದು ಜಾಲಿ ಕಡ್ಡಿಯೋ ಕೊಳೆತ ಎಲೆಯೋ ಸಿಕ್ಕಿಕೊಂಡಿರುತ್ತದೆ. ವಾಲ್ ಮುಚ್ಚದಿದ್ದರೆ ನೀವು ಕೊಡದಲ್ಲಿ ಸುರಿದದ್ದೆಲ್ಲ ಮರಳಿ ಹಳ್ಳಕ್ಕೇ. ಅದೂ ಸರಿಯಿದ್ದರೆ ಆಳ ಅಳೆಯಿರಿ. ಎಷ್ಟೇ ದೊಡ್ಡ ಇಂಜಿನ್ ತಂದರೂ ಮೇಲಿನಿಂದ ಎಳೆಯುವ ಪಂಪಿಗೆ ಇಪ್ಪತ್ತು ಅಡಿ ದಾಟಿದರೆ ಏದುಸಿರು. ಮೂವತ್ತನಾಲ್ಕು ಅಡಿ ದಾಟಿಸುವುದು ಅದರಪ್ಪನಿಂದಲೂ ಆಗದು. ನೀರನ್ನು ಮೇಲೆ ತಳ್ಳುವುದು ಹೊರಗಿನ ಗಾಳಿಯ ಒತ್ತಡ, ಅದಕ್ಕೆ ಇರುವ ಬಲ ಅಷ್ಟೇ. "ಐದು ಎಚ್‌ಪಿ ತೆಗೆದು ಎಂಟು ಹಾಕೋಣೇನ್ರಿ?" ಅಂತ ಕೇಳುವವರು ಅಂಗಡಿಯವರಿಗೆ ಬಲು ಬೇಕಾದವರು.

ಇನ್ನು ಪಂಪಿನ ಗ್ಲ್ಯಾಂಡ್. ತೊಟ್ಟು ತೊಟ್ಟು ಸೋರುವುದು ಕಂಡರೆ ನಮ್ಮವರಿಗೆ ಮನೆ ಮರ್ಯಾದೆಯೇ ಸೋರಿದಂತೆ. ಹಲ್ಲು ಕಚ್ಚಿ ಬಿಗಿದೇ ಬಿಗಿಯುತ್ತಾರೆ. ಆ ಹನಿಯೇ ಒಳಗಿನ ಡೋರಿಯನ್ನು ತಂಪಾಗಿಡುವುದು. ಪೂರ್ತಿ ಬತ್ತಿಸಿದರೆ ಡೋರಿ ಸುಟ್ಟು ಶಾಫ್ಟಿಗೆ ಗೀರು ಬೀಳುತ್ತದೆ. ನೆರೆ ಬಂದಾಗ ರಕ್ಷಣಾ ಪಡೆಯವರು ತರುವ ರಬ್ಬರ್ ದೋಣಿಯ ಹಿಂದೆಯೂ ಒಂದು ಇಂಜಿನ್ ಜೋತಾಡುತ್ತಿರುತ್ತದೆ, ಅದರ ಪಕ್ಕದಿಂದ ಸಣ್ಣ ಧಾರೆಯಾಗಿ ನೀರು ಚಿಮ್ಮುತ್ತದೆ. ದಂಡೆಯ ಮೇಲೆ ನಿಂತವರು "ಏ ತಮ್ಮಾ, ನಿನ್ನ ಇಂಜಿನ್ ಸೋರ್ಲಿಕತ್ತದ" ಅಂತ ಉಪಕಾರಕ್ಕೆ ಕೂಗುತ್ತಾರೆ. ನಡೆಸುವವನಿಗೋ ಆ ಧಾರೆ ನಿಂತರೇ ಎದೆ ಧಸಕ್ಕೆನ್ನುವುದು. ತಂಪು ಮಾಡುವ ನೀರು ಒಳಗೆ ಓಡುತ್ತಿದೆ ಎನ್ನುವುದಕ್ಕೆ ಅದೇ ಸಾಕ್ಷಿ. ನಿಂತರೆ ರಬ್ಬರಿನ ಪಂಖಾ ಹರಿದಿರಬೇಕು, ಇಲ್ಲವೇ ಕಸ ಕಟ್ಟಿರಬೇಕು. ಇಂಜಿನ್ ಕೂಡಲೇ ಬಂದ್.

ಇಷ್ಟು ಕಲಿತವರಿಗೆ ಸಾಮಾನ್ಯವಾಗಿ ಮರುದಿನವೇ ಕೈ ತುರಿಸುತ್ತದೆ, ನಾಜಲ್ ಬಿಚ್ಚುವ ಉಮೇದು ಬರುತ್ತದೆ. ಬೇಡ. ಚದರ ಸೆಂಟಿಮೀಟರಿಗೆ 200 ಕೆ.ಜಿ. ಆಸುಪಾಸಿನ ಒತ್ತಡದಲ್ಲಿ ಸಿಡಿಯುವ ಡೀಸೆಲ್ ಚರ್ಮ ತೂರಿ ಒಳಗೆ ಹೋಗುತ್ತದೆ. ನಾಜಲ್ಲು, ಡೀಸೆಲ್ ಪಂಪು ಎರಡನ್ನೂ ಮಿಸ್ತ್ರಿಗೆ ಬಿಡಿ, ಅವನೂ ಮಿರ್ಚಿ ತಿನ್ನಬೇಕಲ್ಲ. ಉಳಿದದ್ದಕ್ಕೆ ನಾಲ್ಕು ಪಾನಾ, ಒಂದು ಹೊಸ ಫಿಲ್ಟರ್, ಒಂದು ಮೊಳ ಗ್ಲ್ಯಾಂಡ್ ಡೋರಿ ಮನೆಯಲ್ಲಿರಲಿ. ಕಾಲುವೆಗೆ ನೀರು ಬಿಡುವ ಮುಂಚೆಯೇ ಒಮ್ಮೆ ಗೋಣಿಚೀಲ ತೆಗೆದು ಹ್ಯಾಂಡಲ್ ಹೊಡೆದು ನೋಡಿರಿ, ಸಾಹುಕಾರ್ರ.